ಫಾರಮಿನಲ್ಲಿ ಜಾಗವಿಲ್ಲದ ಮಾತು

(ಸಂಘದ ರಾತ್ರಿ ವಾಚನ ಕೂಟದಲ್ಲಿ ಮಾಡಿದ ಭಾಷಣ)



ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಮುಂಬಯಿಯಲ್ಲಿ ಕಪ್ಪುಬಸಿ ತೊಳೆದವನು ಆಧುನಿಕೋತ್ತರ ವಿಚಾರದ ಮೇಲೆ ಮಾತಾಡುವುದೆಂದರೆ ನಿಮಗೆ ನಗು ಬರಬಹುದು. ನನಗೂ ಬಂತು. ನಮ್ಮ ಕೂಟಕ್ಕೆ ಬರುವ ಕಾಲೇಜಿನ ಮೇಷ್ಟ್ರೊಬ್ಬರು ಬಿಡಿಸಿ ಹೇಳಿದ್ದರಲ್ಲಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಫ್ರೆಂಚ್ ತತ್ತ್ವಜ್ಞ ಜಾಂ-ಫ್ರಾಂಸ್ವಾ ಲ್ಯೊತಾರರು ಕೆನಡಾದ ಕ್ವಿಬೆಕ್ ಸರಕಾರದ ವಿಶ್ವವಿದ್ಯಾಲಯ ಮಂಡಳಿಗಾಗಿ ಒಂದು ವರದಿ ಬರೆದರು. ಅದು 1979ರಲ್ಲಿ ಪುಸ್ತಕವಾಯಿತು. ಜ್ಞಾನ ಬೆಳೆದಂತೆ ಮನುಕುಲಕ್ಕೆ ಬಿಡುಗಡೆ ಎಂಬಂಥ ದೊಡ್ಡ ಕತೆಗಳಲ್ಲಿ ಜನರ ನಂಬಿಕೆ ಹೋಗಿದೆ. ಆ ಅಪನಂಬಿಕೆಯೇ ಆಧುನಿಕೋತ್ತರ ಎಂದರು. ದುಡಿಯುವ ವರ್ಗದ ವಿಮೋಚನೆಯೂ ಅವರಿಗೆ ಅಂಥದೊಂದು ಕತೆ. 'ಹಾಗಾದರೆ ಸಂಘಕ್ಕೆ ಬೀಗ ಹಾಕೋಣವೇ?' ಎಂದು ನಾನು ಸಿಟ್ಟಿನಿಂದಲೇ ಕೇಳಿದೆ.

ಆಗ ಮೇಷ್ಟ್ರು ಆ ಮನುಷ್ಯನ ಹಿಂದಿನ ಬಾಳನ್ನು ಹೇಳಿದರು. 1950ರಲ್ಲಿ ಅಲ್ಜೀರಿಯದ ಶಾಲೆಯಲ್ಲಿ ಪಾಠ ಹೇಳಿದವರು. 1954ರಿಂದ ಹತ್ತು ವರುಷ 'ಸಮಾಜವಾದವೋ ಬರ್ಬರತೆಯೋ' ಎಂಬ ಎಡಪಂಥದ ಸಣ್ಣ ಗುಂಪಿನಲ್ಲಿದ್ದು, ಅದರ ಪತ್ರಿಕೆಗೆ ಅಲ್ಜೀರಿಯದ ಹೋರಾಟದ ಬಗ್ಗೆ ಬರೆದವರು. ದೂರ ನಿಂತು ನಕ್ಕವರಲ್ಲ.

ಅವರ 1983ರ ಪುಸ್ತಕದ ಹೆಸರು 'ದಿಫೆರಾಂ'. ಇಬ್ಬರ ಜಗಳವನ್ನು ಒಬ್ಬನ ಭಾಷೆಯಲ್ಲೇ ತೀರ್ಮಾನಿಸಿದರೆ, ಇನ್ನೊಬ್ಬನಿಗಾದ ಅನ್ಯಾಯ ಆ ಭಾಷೆಯಲ್ಲಿ ಕಾಣುವುದೇ ಇಲ್ಲ. ಅವರು ಕೊಡುವ ಉದಾಹರಣೆಗಳಲ್ಲಿ ಕೆಲಸಗಾರನೂ ಇದ್ದಾನೆ. ಕರಾರು ಮಾಡುವಾಗ, ನ್ಯಾಯ ಕೇಳುವಾಗ, ಅವನು ತನ್ನ ದುಡಿಮೆ ತಾನು ಮಾರುವ ಸರಕು ಎಂಬಂತೆಯೇ ಮಾತಾಡಬೇಕು. ಬೆಲೆ ಸಾಲದು ಎನ್ನಬಹುದು; ದುಡಿಮೆ ಸರಕಲ್ಲ ಎನ್ನಲು ಅಲ್ಲಿ ಮಾತೇ ಇಲ್ಲ.

ನನಗೆ ನಮ್ಮ ಒಬ್ಬ ಸಪ್ಲಾಯರ್ ನೆನಪಾದ. ಬಾಕಿ ಸಂಬಳಕ್ಕಾಗಿ ಅವನ ಜೊತೆ ಲೇಬರ್ ಆಫೀಸಿಗೆ ಹೋಗಿದ್ದೆ. ಹಾಜರಿ, ರಜೆ, ಓವರ್‌ಟೈಮು, ಎಲ್ಲಕ್ಕೂ ಫಾರಮಿನಲ್ಲಿ ಜಾಗವಿತ್ತು. 'ಮತ್ತೇನಾದರೂ?' ಎಂದರು ಸಾಹೇಬರು. 'ಮದುವೆಯಾಗಿ ಮಕ್ಕಳಾದ ಮೇಲೂ ಧಣಿಗಳು ನನ್ನನ್ನು ಏ ಛೋಟು ಎಂದೇ ಕರೆದರು ಸಾರ್' ಎಂದ. ಸಾಹೇಬರು ಕೆಟ್ಟವರಲ್ಲ. ಪೆನ್ನು ಹಿಡಿದು ತುಸು ಹೊತ್ತು ಫಾರಮನ್ನೇ ನೋಡಿದರು. ಬಾಕಿ ಹಣ ಬಂತು. ಆ ಮಾತು ಎಲ್ಲಿಯೂ ದಾಖಲಾಗಲಿಲ್ಲ.

ದೊಡ್ಡ ಕತೆಯ ವಿಚಾರದಲ್ಲಿ ಲ್ಯೊತಾರರನ್ನು ನಾನು ಪೂರ್ತಿ ಒಪ್ಪಲಾರೆ. ಸಂಘವಿಲ್ಲದಿದ್ದರೆ ಆ ಹಣವೂ ಬರುತ್ತಿರಲಿಲ್ಲ. ಆದರೆ ಇಲ್ಲದ ಮಾತನ್ನು ಹುಡುಕಿ ಕೊಡಬೇಕು ಎಂದು ಅವರು ಬರೆದದ್ದು ನನ್ನ ಎದೆಗೆ ತಾಗಿತು. ಮುಂದಿನ ಸೋಮವಾರ ಗಲ್ಲಾ ಮುಚ್ಚಿದ ಮೇಲೆ ಇಲ್ಲಿಯೇ ಸೇರೋಣ. ಫಾರಮಿನಲ್ಲಿ ಹಿಡಿಸದ್ದನ್ನು ಹೇಳಿ. ಬರೆದುಕೊಳ್ಳಲು ಒಂದು ವಹಿ ತಂದಿರುತ್ತೇನೆ.