ಗೋಡೆ ಬಿದ್ದ ಹೊತ್ತಿನ ಕಾವಲು

‘ಉರಿಯೂತ’ ಎಂಬ ನಮ್ಮ ಮಾತಿನಲ್ಲಿ ಉರಿಯೂ ಇದೆ, ಊತವೂ ಇದೆ. ಗಾಯವು ಕೆಂಪಾಗಿ, ಬಿಸಿಯೇರಿ, ಬಾತು ನೋಯುವುದು ದೇಹದ ಕಾವಲು ಎಚ್ಚೆತ್ತಿರುವುದರ ಲಕ್ಷಣ. ಈ ಕಾವಲು ರಕ್ತದ ಬಿಳಿಯ ಕಣಗಳಿಗಷ್ಟೇ ಸೇರಿದುದೆಂದು ತಿಳಿಯಬಾರದು. ಬಿಡಿಬಿಡಿ ಜೀವಕೋಶಗಳ ಒಳಗೂ ಅದು ಉಂಟು.

ಕೋಶದ ವಂಶಸೂತ್ರವಾದ ಡಿ.ಎನ್.ಎ. ಇರುವುದು ಬಹುಮಟ್ಟಿಗೆ ಕೋಶಕೇಂದ್ರದ ಪೊರೆಯೊಳಗೆ. ಮನುಷ್ಯನ ಒಂದು ಕೋಶದ ಡಿ.ಎನ್.ಎ.ಯನ್ನು ಬಿಡಿಸಿ ಜೋಡಿಸಿದರೆ ಸುಮಾರು 2 ಮೀಟರು ಉದ್ದವಾದೀತು. ಪೊರೆಯ ಹೊರಗೆ, ಕೋಶರಸದಲ್ಲಿ ಡಿ.ಎನ್.ಎ. ಕಂಡುಬಂದರೆ ಅದು ವೈರಸ್ಸಿನದಿರಬಹುದು. ಅದನ್ನು ಪತ್ತೆಮಾಡುವ ಸಿ-ಗ್ಯಾಸ್ ಎಂಬ ಪ್ರೋಟೀನನ್ನು ಅಮೆರಿಕದ ಡಲ್ಲಾಸ್ ನಗರದಲ್ಲಿ ಝಿಜಿಯಾನ್ ಚೆನ್ ಮತ್ತು ಅವರ ಸಂಗಡಿಗರು 2013ರಲ್ಲಿ ಗುರುತಿಸಿದರು. ಡಿ.ಎನ್.ಎ. ಕೈಗೆ ಸಿಕ್ಕೊಡನೆ ಸಿ-ಗ್ಯಾಸ್ ಒಂದು ರಾಸಾಯನಿಕ ದೂತನನ್ನು ಕಳುಹುತ್ತದೆ. ದೂತನು ಸ್ಟಿಂಗ್ ಎಂಬ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತಾನೆ. ಕೋಶವು ಇಂಟರ್‌ಫೆರಾನ್ ಮೊದಲಾದವನ್ನು ಸೂಸಿ ನೆರೆಹೊರೆಯನ್ನು ಎಚ್ಚರಿಸುತ್ತದೆ.

ಇಲ್ಲೊಂದು ತೊಡಕಿದೆ, ನೋಡಿ. ಕೋಶವು ಎರಡಾಗುವಾಗ ಕೇಂದ್ರದ ಪೊರೆಯೇ ಕಳಚಿ ಚದರಿಹೋಗುತ್ತದೆ. ಪೊರೆ ಮತ್ತೆ ಕಟ್ಟಿಕೊಳ್ಳುವವರೆಗೆ ಸ್ವಂತ ಡಿ.ಎನ್.ಎ. ಬಯಲಲ್ಲಿ ಬಿದ್ದಿರುತ್ತದೆ. ಚರ್ಮ, ಕರುಳು, ಎಲುಬಿನ ಮಜ್ಜೆಗಳಲ್ಲಿ ಕೋಶಗಳು ದಿನವೂ ಒಡೆಯುತ್ತಲೇ ಇವೆ. ಕಾವಲುಗಾರ ಪ್ರತಿಸಲವೂ ಕೂಗಿಕೊಂಡರೆ ಗತಿಯೇನು?

ಸುಳ್ಳು ಕೂಗಿನ ಅನಾಹುತ ವೈದ್ಯರಿಗೆ ಗೊತ್ತು. ಅಂಡಲೆಯುವ ಡಿ.ಎನ್.ಎ.ಯನ್ನು ಗುಡಿಸಿಹಾಕುವ ಟ್ರೆಕ್ಸ್-1 ಎಂಬ ಕಿಣ್ವ ಹುಟ್ಟಿನಿಂದಲೇ ಕೆಟ್ಟಿದ್ದರೆ ಐಕಾರ್ಡಿ-ಗೂಟಿಯೇರ್ ಎಂಬ ಅಪರೂಪದ ರೋಗ ಬರಬಹುದು. ಆಗ ಯಾವ ಸೋಂಕೂ ಇಲ್ಲದ ಮಗುವಿನ ಮೆದುಳು ಉರಿಯೂತಕ್ಕೆ ತುತ್ತಾಗುತ್ತದೆ.

ಆರೋಗ್ಯವಂತ ಕೋಶ ಒಡೆಯುವಾಗ ಹೀಗಾಗದಂತೆ ಎರಡು ಕಟ್ಟುಗಳಿವೆ. ನಮ್ಮ ಡಿ.ಎನ್.ಎ., ಕಂಡಿಕೆಗೆ ನೂಲು ಸುತ್ತಿದಂತೆ, ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ ಸುತ್ತಿಕೊಂಡಿರುತ್ತದೆ. ಸಿ-ಗ್ಯಾಸ್ ಆ ಕಂಡಿಕೆಯನ್ನೇ ಬಿಗಿಯಾಗಿ ಕಚ್ಚಿಕೊಳ್ಳುವುದರಿಂದ, ನೂಲನ್ನು ಹಿಡಿದು ಕೆಲಸಕ್ಕೆ ತೊಡಗಬೇಕಾದ ಅದರ ಕೈಗಳು ಕಟ್ಟಿಬೀಳುತ್ತವೆ. ಈ ರಚನೆಯನ್ನು 2020ರಲ್ಲಿ ಹಲವು ಪ್ರಯೋಗಶಾಲೆಗಳು ತೋರಿಸಿಕೊಟ್ಟವು. ಎರಡನೆಯದು, ವಿಭಜನೆಯನ್ನು ನಡೆಸುವ ಕಿಣ್ವಗಳೇ ಸಿ-ಗ್ಯಾಸಿಗೆ ಫಾಸ್ಫೇಟನ್ನು ತಗುಲಿಸಿ ಅದನ್ನು ಇನ್ನಷ್ಟು ಸುಮ್ಮನಿರಿಸುತ್ತವೆ. ಗೋಡೆಯನ್ನು ಕೆಡಹುವವರೇ ಕಾವಲುಗಾರನಿಗೆ ಮುನ್ಸೂಚನೆ ಕೊಟ್ಟಂತಾಯಿತು.

ಈ ಕಾವಲನ್ನು ತಗ್ಗಿಸುವ ಔಷಧಗಳನ್ನು ಉರಿಯೂತದ ರೋಗಗಳಿಗಾಗಿಯೂ, ಎಬ್ಬಿಸುವ ಔಷಧಗಳನ್ನು ಕ್ಯಾನ್ಸರಿಗಾಗಿಯೂ ವಿಜ್ಞಾನಿಗಳು ಅರಸುತ್ತಿದ್ದಾರೆ. ಯಾವಾಗ ಕೂಗಬೇಕು, ಯಾವಾಗ ಮೌನವಾಗಿರಬೇಕು ಎಂಬುದನ್ನು ಅವರು ಕೋಶದಿಂದಲೇ ಕಲಿಯಬೇಕಾಗಿದೆ.