ಕೆಟ್ಟ ಚಿತ್ರಗಳಿಗೂ ದೊರೆತ ಸಹೃದಯರು



ಕೆಟ್ಟ ಕೃತಿಯೊಂದನ್ನು ಕಂಡು ನಕ್ಕು ಎದ್ದುಹೋಗುವುದು ಸುಲಭ. ನಗುತ್ತಲೇ ಕಡೆಯವರೆಗೆ ಅದರೆದುರು ಕುಳಿತಿರುವುದಕ್ಕೆ ಒಂದು ಬಗೆಯ ಸಂಸ್ಕಾರ ಬೇಕು. ಆ ಸಂಸ್ಕಾರವನ್ನೇ ವಿನೋದವಾಗಿಸಿದ ಅಮೆರಿಕದ ದೂರದರ್ಶನ ಕಾರ್ಯಕ್ರಮ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’. ಬಹುಕಾಲದಿಂದ ನನ್ನ ಪ್ರೀತಿಗೆ ಪಾತ್ರವಾದ ಅದರ ಚರಿತ್ರೆಯನ್ನು ಈ ಹೊತ್ತು ನಿಮ್ಮ ಮುಂದಿಡುವೆನು.

1988ರ ನವೆಂಬರ್ 24ರಂದು ಮಿನಿಯಾಪೊಲಿಸ್ ನಗರದ ಕೆಟಿಎಂಎ ಎಂಬ ಸಣ್ಣ ಕೇಂದ್ರದಿಂದ ಅದು ಮೊದಲು ಪ್ರಸಾರವಾಯಿತು. ಅದರ ಕಲ್ಪನೆ ಜೋಯಲ್ ಹಾಡ್ಜ್‌ಸನ್ ಎಂಬ ಹಾಸ್ಯಗಾರನದು. ಕ್ರೂರ ವಿಜ್ಞಾನಿಗಳು ಅಮಾಯಕನೊಬ್ಬನನ್ನು (ಆ ಪಾತ್ರ ಜೋಯಲನದೇ) ಅಂತರಿಕ್ಷದಲ್ಲಿ ಬಂಧಿಸಿ, ರಾಕ್ಷಸಾಕಾರದ ಪ್ರಾಣಿಗಳೂ ಅನ್ಯಗ್ರಹದ ಜೀವಿಗಳೂ ಮೆರೆಯುವ ಅಗ್ಗದ ಚಿತ್ರಗಳನ್ನು ಒಂದಾದ ಮೇಲೊಂದರಂತೆ ತೋರಿಸುವರು. ಅವನಾದರೋ ಏಕಾಂತವನ್ನು ತಾಳಲಾರದೆ ತಾನೇ ನಿರ್ಮಿಸಿಕೊಂಡ ಎರಡು ರೋಬೋಟುಗಳೊಡನೆ ಕುಳಿತು, ಪ್ರತಿ ದೃಶ್ಯಕ್ಕೂ ಚಟಾಕಿ ಹಾರಿಸುವನು. ತೆರೆಯ ಕೆಳ ಅಂಚಿನಲ್ಲಿ ಈ ಮೂವರ ನೆರಳು ನಮಗೆ ಕಾಣುತ್ತಿರುವುದು. ಒಂದು ರೋಬೋಟಿನ ತಲೆ ಮಿಠಾಯಿ ಯಂತ್ರದ ಪಾರದರ್ಶಕ ಬುರುಡೆ. ಮತ್ತೊಂದರ ಕೊಕ್ಕು ಬೌಲಿಂಗ್ ಆಟದ ಪಿನ್ನನ್ನು ಸೀಳಿ ಮಾಡಿದುದು.

1989ರಲ್ಲಿ ಅದು ಕೇಬಲ್ ವಾಹಿನಿಗೆ ಏರಿತು. 1993ರಲ್ಲಿ ಪೀಬಾಡಿ ಪ್ರಶಸ್ತಿ ಬಂದಿತು. ಅದೇ ವರ್ಷ ಜೋಯಲ್ ನಿರ್ಗಮಿಸಿ, ಮುಖ್ಯ ಲೇಖಕನಾಗಿದ್ದ ಮೈಕ್ ನೆಲ್ಸನ್ ಅವನ ಆಸನದಲ್ಲಿ ಕುಳಿತನು. 1997ರಲ್ಲಿ ವಾಹಿನಿ ಬದಲಾಗಿ, 1999ರಲ್ಲಿ ಪ್ರಸಾರ ನಿಂತಿತು.

ಈ ತೇದಿಗಳಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದಿರುವವನು, ಈ ಕಾರ್ಯಕ್ರಮವು ಆರಿಸಿಕೊಂಡ ಚಿತ್ರವೊಂದನ್ನು ತೆಗೆದ ಹೆರಾಲ್ಡ್ ವಾರೆನ್. ಟೆಕ್ಸಸ್ ಪ್ರಾಂತದ ಎಲ್ ಪಾಸೊ ಊರಿನಲ್ಲಿ ಗೊಬ್ಬರದ ವ್ಯಾಪಾರ ಮಾಡಿಕೊಂಡಿದ್ದ ಈತನು, ಭಯಾನಕ ಚಿತ್ರವೊಂದನ್ನು ತಾನೂ ತೆಗೆಯಬಲ್ಲೆನೆಂದು ಚಿತ್ರಕಥಾ ಲೇಖಕ ಸ್ಟರ್ಲಿಂಗ್ ಸಿಲಿಫಂಟನೊಡನೆ ಪಣತೊಟ್ಟು, ಸುಮಾರು 19,000 ಡಾಲರು ಕೂಡಿಸಿ, ‘ಮಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’ ಎಂಬ ಚಿತ್ರವನ್ನು ತೆಗೆದೇಬಿಟ್ಟನು. ಕೀಲಿ ಕೊಟ್ಟು ನಡೆಸುವ ಅವನ ಕ್ಯಾಮೆರಾ ಒಮ್ಮೆಗೆ ಸುಮಾರು ಅರ್ಧ ನಿಮಿಷ ಮಾತ್ರ ಓಡುತ್ತಿತ್ತು. ಚಿತ್ರೀಕರಣದಲ್ಲಿ ಧ್ವನಿಯನ್ನೇ ಹಿಡಿಯದೆ, ಅನಂತರ ಬೆರಳೆಣಿಕೆಯ ಜನ ಎಲ್ಲ ಪಾತ್ರಗಳಿಗೂ ಕಂಠದಾನ ಮಾಡಿದರು. ರಾತ್ರಿಯ ದೃಶ್ಯಗಳಲ್ಲಿ ದೀಪಕ್ಕೆ ಮುತ್ತಿದ ಪತಂಗಗಳು ಇಂದಿಗೂ ತೆರೆಯ ಮೇಲೆ ಹಾರಾಡುತ್ತಿವೆ. 1966ರ ನವೆಂಬರಿನಲ್ಲಿ ಅವನ ಊರಿನವರೇ ಆ ಚಿತ್ರವನ್ನು ನೋಡಿ ನಕ್ಕರು, ಎದ್ದುಹೋದರು, ಮರೆತರು.

1993ರ ಜನವರಿಯಲ್ಲಿ ಈ ಕಾರ್ಯಕ್ರಮವು ಅದನ್ನೆತ್ತಿಕೊಂಡಿತು. ಇಲ್ಲಿಯ ಲೇಖಕರು ಚಿತ್ರವೊಂದನ್ನು ಮತ್ತೆ ಮತ್ತೆ ನಡುವೆ ನಿಲ್ಲಿಸಿ ನೋಡಿ ಹಾಸ್ಯ ಹೆಣೆಯುತ್ತಿದ್ದರು; ಆದುದರಿಂದ ಉತ್ತಮ ಚಿತ್ರಗಳಿಗೂ ದುರ್ಲಭವಾದ ಅವಧಾನವು ಮಾನೋಸಿಗೆ ಲಭಿಸಿತು. ನಮ್ಮ ಆಲಂಕಾರಿಕರು ಸಹೃದಯನನ್ನು ಕುರಿತು ಹೇಳುವಾಗ ಉತ್ತಮ ಕಾವ್ಯವನ್ನೇ ಮನಸ್ಸಿನಲ್ಲಿರಿಸಿಕೊಂಡಿದ್ದರು. ಸೋತ ಕೃತಿಗೂ ಸಹೃದಯನು ದೊರೆಯಬಹುದೆಂಬುದನ್ನು ನನಗೆ ತೋರಿಸಿಕೊಟ್ಟವರು ಈ ಜನ. ಆ ನಗುವಿನಿಂದಲೇ ಮಾನೋಸ್ ಲೋಕಪ್ರಸಿದ್ಧವಾಯಿತು. 2011ರಲ್ಲಿ ಅದರ ಮೂಲ ಸುರುಳಿ ಪತ್ತೆಯಾದಾಗ, ಹಣ ಕೊಟ್ಟು ಅದನ್ನು ಶುದ್ಧೀಕರಿಸಲು ಅಭಿಮಾನಿಗಳು ಮುಂದೆ ಬಂದರು.

ವ್ಯಸನದ ಸಂಗತಿಯೊಂದುಂಟು. ಪರರ ಚಿತ್ರಗಳ ಮೇಲೆ ಕಟ್ಟಿದ ಕಾರ್ಯಕ್ರಮವಾದುದರಿಂದ, ಅವುಗಳ ಹಕ್ಕಿನ ಅವಧಿ ತೀರಿದೊಡನೆ ಎಷ್ಟೋ ಕಂತುಗಳು ಅಧಿಕೃತವಾಗಿ ದೊರೆಯದಾದವು. ವೀಡಿಯೋ ಟೇಪುಗಳನ್ನು ಕೈಯಿಂದ ಕೈಗೆ ದಾಟಿಸುತ್ತಿರಿ ಎಂದು ಆರಂಭದ ವರ್ಷಗಳಲ್ಲಿ ಕಾರ್ಯಕ್ರಮದ ಕೊನೆಯಲ್ಲಿಯೇ ಬಿನ್ನವಿಸುತ್ತಿದ್ದರು. ನೋಡುಗರು ಹಾಗೆಯೇ ಮಾಡಿ ಅದನ್ನು ಉಳಿಸಿಕೊಂಡರು. 2015ರಲ್ಲಿ ಜೋಯಲ್ ಪುನರಾರಂಭಕ್ಕೆಂದು ಸಹಾಯ ಯಾಚಿಸಿದಾಗ ಅಂಥವರೇ 57 ಲಕ್ಷ ಡಾಲರಿಗೂ ಮಿಗಿಲಾಗಿ ಕೊಟ್ಟರು. 2017ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಹೊಸ ಕಂತುಗಳು ಬಂದವು.

ನೋಡಬೇಕೆಂಬ ಆಸೆ ನಿಮ್ಮಲ್ಲಿ ಹುಟ್ಟಿದ್ದರೆ ಮಾನೋಸಿನ ಕಂತಿನಿಂದಲೇ ಪ್ರಾರಂಭಿಸಿರಿ. ಒಬ್ಬರೇ ನೋಡಬೇಡಿರಿ, ಮನೆಮಂದಿಯೊಡನೆ ಕುಳಿತು ನೋಡಿರಿ, ನಡುವೆ ಮಾತ್ರ ಏಳಬೇಡಿರಿ.