ಅರಮನೆಯೊಳಗೆ ನಮ್ಮವರ ಮುಟ್ಟುಗಳು

(ಚಾಮರಾಜನಗರ, ಗುಂಡ್ಲುಪೇಟೆ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮೈಸೂರಿಗೆ ಹೋದರೆ ನಾವು ದೊಡ್ಡ ಅರಮನೆ, ಮೃಗಾಲಯ ನೋಡಿ ಬಸ್ಸು ಹತ್ತುತ್ತೇವೆ. ಈ ಸಲ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಕಡೆಗೂ ಕಾಲು ಹಾಕೋಣ. ಬ್ರಿಟಿಷರ ಅಧೀನದಲ್ಲಿ ಸಂಸ್ಥಾನ ನಡೆಯುತ್ತಿದ್ದ ಕಾಲದಲ್ಲಿ, 1905ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ ಕಟ್ಟಿದ ಬಂಗಲೆ ಅದು. ನೂರಕ್ಕೂ ಮಿಕ್ಕಿ ಕೋಣೆಗಳು. ಆಮೇಲೆ ಅದು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. 1960ರ ದಶಕದ ಕೊನೆಗೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯ್ತು. ಜೀ.ಶಂ. ಪರಮಶಿವಯ್ಯ, ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅಂಥವರು ಊರೂರು ಅಲೆದು ಮುಖವಾಡ, ತೊಗಲುಗೊಂಬೆ, ಬೇಸಾಯದ ಮುಟ್ಟು, ಅಡುಗೆಮನೆಯ ಸಾಮಾನು ಕೂಡಿಹಾಕಿದರು. ಅದು ದೊಡ್ಡ ಕೆಲಸ. ಇಲ್ಲದಿದ್ದರೆ ಎಷ್ಟೋ ವಸ್ತು ಒಲೆಗೆ, ಗುಜರಿಗೆ ಹೋಗುತ್ತಿದ್ದವು.

ಆದರೆ ನೋಡುವಾಗ ನಾವು ಒಂದು ಪ್ರಶ್ನೆ ಕೇಳಬೇಕು: ಇದನ್ನು ಮಾಡಿದ ಕೈ ಯಾವುದು? ಮೊರ ಅಂತ ಚೀಟಿ ಇರಬಹುದು, ಹೆಣೆದವಳ ಹೆಸರು ಎಲ್ಲಿ? ಬಾವಿ ಕಪಿಲೆಯ ಚರ್ಮ ಹದ ಮಾಡಿ ಹೊಲಿದವರು, ಮಿಣಿ ಹೊಸೆದವರು ನಮ್ಮ ತಾತಂದಿರು. ಚರ್ಮ ಬಾವಿಗಿಳಿಯಬಹುದಿತ್ತು, ಹೊಲಿದವನು ಬಾವಿ ಮುಟ್ಟುವಂತಿರಲಿಲ್ಲ. ಇದನ್ನು ಯಾವ ಗಾಜಿನ ಪೆಟ್ಟಿಗೆಯೂ ಹೇಳೋದಿಲ್ಲ ಕನ್ರಪ್ಪ, ನಾವೇ ಹೇಳಬೇಕು. ತಮಟೆಯೂ ಹಾಗೇ. ಗೋಡೆಗೆ ತೂಗುಹಾಕಿದರೆ ಕಲೆ. ಊರಲ್ಲಿ ಸಾವಿನ ಮುಂದೆ ನಮ್ಮವರೇ ಬಡೀಬೇಕು ಅಂದರೆ ಅದು ಬಿಟ್ಟಿ.

ಆ ಮನೆಗೆ ಇನ್ನೊಂದು ಕಥೆಯೂ ಉಂಟು. ಜಯಲಕ್ಷಮ್ಮಣ್ಣಿಯವರ ಗಂಡ ಎಂ. ಕಾಂತರಾಜೇ ಅರಸರು ಮೈಸೂರಿನ ದಿವಾನರಾಗಿದ್ದರು. ನಾಲ್ವಡಿಯವರು 1918ರಲ್ಲಿ ನೇಮಿಸಿದ ಲೆಸ್ಲಿ ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಾಗ ದಿವಾನಗಿರಿ ಅವರ ಕೈಲಿತ್ತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂದಿತು ಆ ವರದಿ. ಹಾಸ್ಟೆಲಿನಲ್ಲಿ ಕೂತು ಓದುವ ನಾವು ಇದನ್ನು ತಿಳಿದಿರಬೇಕು. ಗೋಡೆ, ಕಂಬ ನೋಡಿ ಬಾಯಿ ಬಿಟ್ಟು ನಿಲ್ಲೋದು ಬೇಡ. ಆ ಗೋಡೆಗಳ ಕಾಲದಲ್ಲಿ ಯಾರಿಗೆ ಏನು ಸಿಕ್ಕಿತು, ಏನು ಸಿಕ್ಕಲಿಲ್ಲ ಅಂತ ಲೆಕ್ಕ ಹಾಕೋಣ.

ಇನ್ನು ನಮ್ಮ ಸೀಮೆ. ಮಂಟೇಸ್ವಾಮಿ ಕಥೆಯನ್ನು ರಾತ್ರಿಯಿಡೀ ಹಾಡುವ ನೀಲಗಾರರು ನಮ್ಮ ಕೇರಿಗಳಲ್ಲೇ ಇದ್ದಾರೆ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿ ಬಿಟ್ಟು ಜನ ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ಇದು ಪೆಟ್ಟಿಗೆಯೊಳಗೆ ಹಿಡಿಸುವ ವಸ್ತುವಲ್ಲ, ಬದುಕಿರುವ ನಡೆ.

ಅದಕ್ಕೇ ಈ ಕೆಲಸ ಮಾಡೋಣ. ರಜೆಗೆ ಊರಿಗೆ ಹೋದಾಗ ಒಂದು ನೋಟುಬುಕ್ಕು ಹಿಡಿದು ಅಜ್ಜಿ, ತಾತನ ಹತ್ತಿರ ಕೂರೋಣ. ಮನೆಯ ಒಂದೊಂದು ಮುಟ್ಟಿನ ಹೆಸರು, ಮಾಡಿದವರ ಹೆಸರು, ಕೊಟ್ಟ ಕೂಲಿ, ಪಟ್ಟ ಅವಮಾನ ಬರೆದಿಡೋಣ. ಅವರಿಗೆ ಓದು ಸಿಕ್ಕಲಿಲ್ಲ, ನಮಗೆ ಸಿಕ್ಕಿದೆ. ಆ ಚೀಟಿ ಬರೆಯೋ ಕೆಲಸ ನಮ್ಮದು.